ಬಿಸಿಲಿಗೆ ತೆರೆಯುವ ಬೀಗ

ಜಪ್ಪಯ್ಯ ಅಂದರೂ ಬಾಗಿಲು ತೆರೆಯಲಿಲ್ಲ. ನೆಸ್ಟರ್ ಸಾಂಡೊವಾಲ್ ಹಿಡಿಕೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದ, ಬೈದುಕೊಂಡ, ಮತ್ತೆ ಮೆಟ್ಟಿಲ ಮೇಲೆ ಕುಳಿತ. ಅಮೆರಿಕದ ಮರುಭೂಮಿಯ ಊರು ಟೂಸಾನ್‌ನ ಜುಲೈ ಮಧ್ಯಾಹ್ನ. ಇಳಿಬಿಸಿಲು ಕಬ್ಬಿಣದ ಬಾಗಿಲಿಗೆ ಈಗಷ್ಟೇ ಬೀಳತೊಡಗಿತ್ತು. ಒಳಗೆ ಪುಟ್ಟ ನಾಯಿಯೊಂದು ಗಂಟಲು ಹರಿದುಕೊಳ್ಳುತ್ತಿತ್ತು.

ಎದುರುಮನೆಯ ಡೊರೀನ್ ಹ್ಯಾಚ್ ಪರದೆ ಸರಿಸಿ ಆಗಿನಿಂದ ನೋಡುತ್ತಿದ್ದಳು. ಪೊಲೀಸರನ್ನು ಕರೆಯಲೆಂದು ಫೋನನ್ನೂ ಎತ್ತಿಕೊಂಡಿದ್ದಳು. ಆದರೆ ಕಳ್ಳನಾದವನು ಹಾಡಹಗಲೇ, ಬೀದಿಗೆ ಮುಖ ಮಾಡಿ, ಇಷ್ಟು ಸಿಟ್ಟಿನಿಂದ ಕೂರುತ್ತಾನೆಯೇ? ಅವಳು ಈ ಬೀದಿಗೆ ಬಂದು ತಿಂಗಳಾಗಿತ್ತು. ಒಬ್ಬ ನೆರೆಯವನ ಮುಖವನ್ನೂ ಕಂಡಿರಲಿಲ್ಲ. ಬೇಸಿಗೆಯಲ್ಲಿ ಇಲ್ಲಿನವರು ಕಾರಿನಲ್ಲೇ ಗ್ಯಾರೇಜು ಹೊಕ್ಕು ಕಾರಿನಲ್ಲೇ ಹೊರಬೀಳುತ್ತಾರೆ. ಕೊನೆಗೆ ಫೋನ್ ಕೆಳಗಿಟ್ಟು, ಐಸ್ ಹಾಕಿದ ಚಹಾ ಹಿಡಿದು ರಸ್ತೆ ದಾಟಿದಳು.

"ಏನಪ್ಪಾ, ಒಳಗೆ ಬಿಡ್ತಿಲ್ವಾ?"

"ಸ್ಮಾರ್ಟ್ ಬೀಗ ಮೇಡಂ," ಎಂದ ನೆಸ್ಟರ್. "ಬೇಕಾದಾಗ ತೆರೆಯಲ್ಲ. ಬೇಡದಾಗ ತಾನಾಗೇ ತೆರ್ಕೊಳುತ್ತೆ."

ಕೇಳುವವರು ಸಿಕ್ಕಿದ್ದೇ ಅವನ ಕಟ್ಟೆ ಒಡೆಯಿತು. ಬಿಸಿಲಿಗೆ ಬಾಗಿಲು ಕಾದರೆ ಆ ಬೀಗದ ಸಾಫ್ಟ್‌ವೇರ್‌ಗೆ ತಲೆ ಕೆಡುತ್ತದೆ. ಒಮ್ಮೆ ಸತ್ತು ಮತ್ತೆ ಏಳುತ್ತದೆ. ಆ ಗಳಿಗೆಯಲ್ಲಿ ಬೋಲ್ಟು ಸರಿದುಬಿಡುತ್ತದೆ. ಹಾಗೆ ತೆರೆದ ಬಾಗಿಲಿನಿಂದಲೇ ಯಾರೋ ಅವನ ಅಪ್ಪನ ಅಕಾರ್ಡಿಯನ್ ಹೊತ್ತುಕೊಂಡು ಹೋದರು. ಊರಿನ ಅರ್ಧ ಮದುವೆಗಳಲ್ಲಿ ಅಪ್ಪ ನುಡಿಸಿದ್ದು ಅದನ್ನೇ. ನೊಂದ ಗಿರಾಕಿಗಳೆಲ್ಲರ ಪರವಾಗಿ ಒಂದೇ ಮೊಕದ್ದಮೆ ಬಿತ್ತು. ನ್ಯಾಯಾಧೀಶರೆದುರು ಅಕಾರ್ಡಿಯನ್ ಬಗ್ಗೆ ಎರಡು ಮಾತು ಹೇಳಬೇಕೆಂದು ಇಸ್ತ್ರಿ ಅಂಗಿ ತೊಟ್ಟು ಹೋದ. ಯಾರೂ ಅವನನ್ನು ಕರೆಯಲಿಲ್ಲ. ರಾಜಿಯಾಯಿತು. ಲಕ್ಷಗಟ್ಟಲೆ ಡಾಲರ್ ವಕೀಲರ ಪಾಲಾಯಿತು. ಗಿರಾಕಿಗಳಿಗೆ ತಲಾ ಒಂದು ಕೂಪನ್.

ಕೂಪನ್ ಜೇಬಿನಲ್ಲೇ ಇತ್ತು. ತೆಗೆದು ತೋರಿಸಿದ. ಅದೇ ಕಂಪನಿಯ ಮುಂದಿನ ಬೀಗಕ್ಕೆ ಹತ್ತು ಡಾಲರ್ ರಿಯಾಯಿತಿ.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತಲ್ಲಪ್ಪಾ," ಎಂದಳು ಡೊರೀನ್.

"ಇಲಿ ಸಿಕ್ಕಿದ್ರೂ ಆಗಿತ್ತು ಮೇಡಂ. ನಮ್ಮ ವಕೀಲರು ಟಿವಿಯಲ್ಲಿ ಏನಂದ್ರು ಗೊತ್ತಾ? ಬೀಗ ಈಗ ಸರಿಹೋಗಿದೆ, ನಮ್ಮನೆಗೂ ಅದನ್ನೇ ಹಾಕ್ಸಿದೀನಿ ಅಂದ್ರು. ಸರಿಹೋಗಿದ್ರೆ ನಾನು ಈ ಬಿಸಿಲಲ್ಲಿ ಯಾಕೆ ಕೂರ್ತಿದ್ದೆ?"

"ಕೋರ್ಟಿನ ಹಣೆಬರಹವೇ ಅಷ್ಟು. ಗೆದ್ದವನು ಸೋತ, ಸೋತವನು ಸತ್ತ."

"ವಕೀಲ?"

ಅವಳು ಚಹಾದ ಲೋಟವನ್ನು ಅವನ ಕೈಗಿಟ್ಟಳು. ನಾಯಿ ಇನ್ನೂ ಬಾಗಿಲು ಕೆರೆಯುತ್ತಿತ್ತು. ಅದಕ್ಕೂ ನಿನ್ನ ಮೇಲೆ ಇಷ್ಟೊಂದು ಸಿಟ್ಟೇಕೆ ಎಂದು ನಗೆಯಾಡಿದಳು. ಈ ಬೀಗದ ವಿಷಯದಲ್ಲಿ ಸಿಟ್ಟಿಲ್ಲದವರು ಯಾರಿದ್ದಾರೆ ಎಂದು ಅವನು ಚಹಾ ಮುಗಿಸಿದ.

ಬಿಸಿಲು ಬೀಗದ ಮೇಲೆ ಪೂರ್ತಿ ಬಿತ್ತು. ಹಸಿರು ದೀಪ ಆರಿತು. ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಟಕ್ ಎಂದು ಬೋಲ್ಟು ಸರಿಯಿತು.

"ನೋಡಿದ್ರಾ," ಎಂದ ನೆಸ್ಟರ್. ದನಿಯಲ್ಲಿ ಸಂತೋಷದ ಸುಳಿವಿರಲಿಲ್ಲ, ಕಹಿ ಇತ್ತು.

ಹೊರಗೆ ನುಗ್ಗಿದ ನಾಯಿಯನ್ನು ಡೊರೀನ್ ಎತ್ತಿಕೊಂಡಳು. ಪಾಪದವನು, ಅಂತೂ ಒಳಗೆ ಹೋದನಲ್ಲ ಎಂದು ಅವಳಿಗೆ ಸಮಾಧಾನವಾಯಿತು.

ಒಳಗೆ ಗೋಡೆಯ ತುಂಬ ಮನೆಯ ಯಜಮಾನನ ಚಿತ್ರಗಳು. ಅಂದು ಟಿವಿಯಲ್ಲಿ ಕಂಡ ಅದೇ ನಗು. ಬೀಗದ ಮೊಕದ್ದಮೆ ಗೆದ್ದುಕೊಟ್ಟದ್ದಕ್ಕೆ ಆ ವಕೀಲನಿಗೆ ಸಂದ 'ಗ್ರಾಹಕರ ಬಂಧು' ಎಂಬ ಗಾಜಿನ ಫಲಕವನ್ನು ನೆಸ್ಟರ್ ಗೂಡಿನಿಂದೆತ್ತಿ ಕಂಕುಳಲ್ಲಿಟ್ಟುಕೊಂಡ, ಅದರ ಜಾಗದಲ್ಲಿ ತನ್ನ ಹತ್ತು ಡಾಲರ್ ಕೂಪನ್ ಇಟ್ಟ.