ಏಳರಿಂದ ಎಂಟು

ಏಳು ಗಂಟೆಗೆ ಸರಿಯಾಗಿ ನೆಟ್ ಮತ್ತೆ ಕೈಕೊಟ್ಟಿತು.

"ನೋಡಿದ್ರಾ ಅಣ್ಣ? ನಿಮ್ಮ ಕಣ್ಣೆದುರಿಗೇ," ಎಂದಳು ಸೊಸೆ.

ರಿಪೇರಿಯವನು ನೋಡಿದ. ಇದು ಅವನ ನಾಲ್ಕನೇ ಭೇಟಿ. ವೈರ್ ಬದಲಿಸಿದ್ದಾಯಿತು, ಗೋಡೆಯ ಸಾಕೆಟ್ ಬದಲಿಸಿದ್ದಾಯಿತು. ಹಗಲೆಲ್ಲ ಹಸುವಿನಂತಿರುವ ಲೈನು ಸಂಜೆ ಏಳರಿಂದ ಎಂಟರವರೆಗೆ ಮಾತ್ರ ರಂಪ ಮಾಡುತ್ತಿತ್ತು. ಕಳೆದ ತಿಂಗಳು ಹೊಸ ಕಂಪ್ಯೂಟರ್ ಬಂದಂದಿನಿಂದ ಇದೇ ರಾಮಾಯಣ.

ಮಂಚದ ಮೇಲೆ ಅತ್ತೆ ಮಲಗಿದ್ದರು. ಡಾಕ್ಟರು ಕೈಚೆಲ್ಲಿದ್ದರು, ಇನ್ನು ಎರಡು ದಿನವೋ ಮೂರೋ. ಮಗನ ಮುಖ ಒಮ್ಮೆ ನೋಡಿ ಕಣ್ಣು ಮುಚ್ಚಬೇಕೆಂಬುದೊಂದೇ ಅವರ ಆಸೆ. ಮಗನಿದ್ದದ್ದು ಕಡಲಾಚೆಯ ಗಣಿಯಲ್ಲಿ. ರಜೆ ಇಲ್ಲ, ಫೋನ್ ಸಿಗುವುದಿಲ್ಲ, ಮುಖ ನೋಡಿ ಮಾತಾಡಲು ಸಂಜೆ ಏಳಕ್ಕೆ ಒಂದೇ ಒಂದು ಗಂಟೆ ನೆಟ್ ಕೊಡುತ್ತಾರಂತೆ, ಉಳಿದ ಹೊತ್ತು ಮೇಲ್ ಮಾತ್ರ. ಸದ್ಯಕ್ಕೆ ಅವನು ಗೋಡೆಯ ಫೋಟೋದಲ್ಲಿ ನಗುತ್ತಿದ್ದ. ಎಡಹುಬ್ಬನ್ನು ಎರಡಾಗಿಸಿದ ಹಳೆಯ ಗಾಯದ ಗುರುತು ಎದ್ದು ಕಾಣುತ್ತಿತ್ತು.

ಸೊಸೆ ಬೆಳಗ್ಗೆ ಗಂಡನಿಂದ ಬಂದಿದ್ದ ಮೇಲ್ ತೋರಿಸಿದಳು. "ನಿನ್ನೆಯೂ ಪ್ರಯತ್ನಿಸಿದೆ, ಸಿಗಲಿಲ್ಲ. ಇಲ್ಲಿಯ ನೆಟ್ಟೂ ತಿಂಗಳಿಂದ ಹೀಗೇ ಆಡುತ್ತಿದೆ. ನಿನ್ನೆ ನಿಮ್ಮ ಕಡೆ ಕರೆಂಟ್ ಬೇರೆ ಹೋಗಿತ್ತಲ್ಲ. ಅಮ್ಮನನ್ನು ನೋಡಿಕೋ."

"ಅಷ್ಟು ದೂರ ಇದ್ರೂ ಮನೆ ಮೇಲೇ ಜೀವ," ಎನ್ನುತ್ತ ಅವಳು ಅತ್ತೆಯ ಹೊದಿಕೆ ಸರಿಪಡಿಸಿದಳು.

ರಿಪೇರಿಯವನು ಸ್ಕ್ರೂಡ್ರೈವರಿಗಾಗಿ ಚೀಲವನ್ನೆಲ್ಲ ಜಾಲಾಡಿದ. ಅದು ಅವನ ಕಿವಿಯ ಮೇಲಿತ್ತು.

"ಕೂಸು ಕಂಕುಳಲ್ಲಿಟ್ಕೊಂಡು ಊರೆಲ್ಲ ಹುಡುಕ್ತೀಯಲ್ಲಪ್ಪ," ಎಂದರು ಅತ್ತೆ. ನಗಲು ಹೋಗಿ ಕೆಮ್ಮಿದರು. ಕೆಮ್ಮು ಬೇಗ ನಿಲ್ಲಲಿಲ್ಲ.

ಅವನಿಗೂ ನಗು ಬರಲಿಲ್ಲ. ತಪ್ಪು ತನ್ನದೇ ಇರಬಹುದೆಂಬ ಅನುಮಾನ ಆಗಲೇ ಕೊರೆಯುತ್ತಿತ್ತು. ನೆಟ್ ಕಂಪನಿ ಪ್ರತಿ ಕಂಪ್ಯೂಟರನ್ನೂ ಅದರೊಳಗಿನ ಕಾರ್ಡಿನ ನಂಬರಿನಿಂದ ಗುರುತಿಸುತ್ತದೆ. ಹೊಸ ನಂಬರ್ ನೋಂದಾಯಿಸಲು ವಾರ ಬೇಕು. ಹಾಸಿಗೆ ಹಿಡಿದ ಮುದುಕಿಯನ್ನು ಅಷ್ಟು ದಿನ ಕಾಯಿಸುವುದು ಬೇಡವೆಂದು ಕಳೆದ ತಿಂಗಳು ಅವನು ಈ ಮನೆಯ ಹಳೆಯ ಲ್ಯಾಪ್‌ಟಾಪಿನ ನಂಬರನ್ನೇ ಹೊಸದಕ್ಕೆ ತುಂಬಿಸಿದ್ದ. ಹಳೆಯದು ಮಗನ ಜೊತೆ ಗಣಿಗೆ ಹೋಗಿತ್ತು, ಯಾರಿಗೇನು ನಷ್ಟ?

ಅವನು ಕೆಳಗಿಳಿದು ಮೆಟ್ಟಿಲ ಬುಡದ ಪೆಟ್ಟಿಗೆ ತೆರೆದ. ಈ ಕಟ್ಟಡದ, ಹಿಂದಿನ ಕಟ್ಟಡದ ವೈರುಗಳೆಲ್ಲ ಸೇರುವುದು ಅಲ್ಲೇ. ತನ್ನ ಯಂತ್ರ ಸಿಕ್ಕಿಸಿ ನೋಡಿದ. ಒಂದೇ ನಂಬರ್, ಎರಡು ವೈರುಗಳಲ್ಲಿ. ಎತ್ತು ಏರಿಗೆ, ಕೋಣ ನೀರಿಗೆ. ಎರಡೂ ಒಟ್ಟಿಗೆ ಚಾಲೂ ಆದರೆ ಇಬ್ಬರಿಗೂ ನೆಟ್ ಸಿಗುವುದಿಲ್ಲ.

ಅಂದರೆ ಹಳೆಯ ಲ್ಯಾಪ್‌ಟಾಪ್ ಗಣಿಗೆ ಹೋಗಿಯೇ ಇಲ್ಲ. ಹೊರಡುವ ಮುಂಚೆ ಯಾರಿಗೋ ಮಾರಿರಬೇಕು, ಪುಣ್ಯಾತ್ಮ. ಕೊಂಡವರನ್ನು ಕಾಲಾದರೂ ಹಿಡಿದು ಹತ್ತು ನಿಮಿಷ ಆರಿಸಿಡಿ ಎಂದರೆ ಮುಗಿಯಿತು. ಈ ಮನೆಯ ಮಟ್ಟಿಗೆ ಮೊದಲ ಸಲ ಅವನಿಗೆ ಕೊಂಚ ಆಸೆ ಹುಟ್ಟಿತು.

ಎರಡನೆಯ ವೈರು ಹಿತ್ತಲ ಗೋಡೆ ದಾಟಿ ಹಿಂದಿನ ಕಟ್ಟಡದ ಮೂರನೇ ಮಹಡಿಗೆ ಹೋಗಿತ್ತು. ಅದರ ಗೇಟು ಇನ್ನೊಂದು ಬೀದಿಗೆ. ಈ ಕಡೆಯವರು ಆ ಕಡೆ ಹೋಗುವುದೇ ಇಲ್ಲ. ಸುತ್ತಿ ಬಳಸಿ ನಡೆದರೂ ಎರಡೇ ನಿಮಿಷ. ಬಾಗಿಲ ಹೊರಗೆ ಒಂದು ಜೊತೆ ಗಂಡಸಿನ ಚಪ್ಪಲಿ, ಪಕ್ಕದಲ್ಲಿ ಹೆಂಗಸಿನದು. ಬೆಲ್ ಒತ್ತಿದ.

ಬಾಗಿಲು ತೆರೆದವನ ಎಡಹುಬ್ಬು ಎರಡಾಗಿತ್ತು. ಗೋಡೆಯ ಫೋಟೋದಲ್ಲಿ ನಗುತ್ತಿದ್ದವನ ಕಣ್ಣು ಈಗ ಅತ್ತು ಕೆಂಪಾಗಿತ್ತು.

"ಕಂಪನಿಯಿಂದ ಬಂದ್ರಾ? ಬೇಗ ಸರಿ ಮಾಡ್ಕೊಡಿ ಸಾರ್, ನಮ್ಮಮ್ಮನ ಕೊನೇ ಗಳಿಗೆ. ಒಂದ್ಸಲ ಮುಖ ನೋಡೋಣ ಅಂದ್ರೆ, ತುಂಬಾ ದೂರದಲ್ಲಿದ್ದಾರೆ."