ನಾಲ್ವರು ಅಜ್ಜಿಯರ ಊರು

"ಬೇಗ ಅತ್ತೆ, ಬೇಗ! ಗಣತಿಯ ಆಸಾಮಿ ಆಗಲೇ ಬೇಕರಿಯವನ ಮನೆಯಿಂದ ಹೊರಟ," ಎನ್ನುತ್ತ ದರ್ಜಿ ತನ್ನ ಸೋದರತ್ತೆಯ ನೀಲಿ ಕೋಟು ಕಳಚಿ ಕಂದು ಶಾಲು ಹೊದಿಸಿದ. ಮೂಗಿನ ಮೇಲೆ ಗಾಜಿಲ್ಲದ ಕನ್ನಡಕ ಕೂರಿಸಿದ.

"ಈಗ ನಾನು ಯಾರೋ?"

"ಅಂಚೆಯವನ ಅಕ್ಕ. ಕಿವಿ ಕೇಳಿಸಲ್ಲ."

"ಸದ್ಯ! ಬೇಕರಿಯವನ ತಾಯಿಯಾಗಿ ಮಾತಾಡಿ ಮಾತಾಡಿ ಗಂಟಲು ಒಣಗಿತ್ತು."

ಅತ್ತೆ ಹಿತ್ತಲ ಬೇಲಿ ನುಸುಳಿ ಓಡಿದಳು. ಅವಳ ಎಪ್ಪತ್ತರ ಮಂಡಿನೋವು ಅಂದು ರಜೆ ಹಾಕಿತ್ತು.

ವಿಷಯ ಇಷ್ಟೇ. ಜನಗಣತಿಯಲ್ಲಿ ಐವತ್ತು ತಲೆ ಮುಟ್ಟದ ಊರನ್ನು ನಕ್ಷೆಯಿಂದ ಅಳಿಸಿ ಪಕ್ಕದ ಊರಿಗೆ ಸೇರಿಸುತ್ತಾರೆ, ಬಸ್ಸೂ ನಿಲ್ಲುತ್ತದೆ. ಇಲ್ಲಿದ್ದವರು ನಲವತ್ತೇಳು. ಬಸ್ಸು ನಿಂತರೆ ದರ್ಜಿಯ ಹೊಟ್ಟೆಗೆ ಕಲ್ಲು ಬಿದ್ದ ಹಾಗೆ. ಗುಡ್ಡದಾಚೆಯ ಊರಿನ ಗಿರಾಕಿಗಳಂತೂ ಈಚೆಗೆ ಏಕೋ ಬರುವುದನ್ನೇ ಬಿಟ್ಟಿದ್ದರು. ಅವರ ಊರಲ್ಲೂ ತಲೆಗಳು ಕಡಿಮೆಯೇ ಎಂದು ಸುದ್ದಿಯಿತ್ತು. ಆದರೆ ಅವರ ಚಿಂತೆ ಇವನಿಗೇಕೆ? ಕೊರತೆಯ ಮೂರು ತಲೆಗಳನ್ನು ಅತ್ತೆಯೊಬ್ಬಳೇ ತುಂಬಿಕೊಡುವುದೆಂದು ಊರು ಸೇರಿ ತೀರ್ಮಾನಿಸಿತ್ತು. ವೇಷಕ್ಕೆ ಹೊಲಿಯಲು ಬಂದ ಬಟ್ಟೆಗಳಿದ್ದವು.

ಗಣತಿಯವನು ಮಹಾ ಕರ್ತವ್ಯನಿಷ್ಠ. ಬಸ್ಸಿಲ್ಲದ ದಿನ ಗುಡ್ಡ ಹತ್ತಿಳಿದು ನಡೆದೇ ಬಂದಿದ್ದ. ಪೆನ್ಸಿಲನ್ನು ತುಟಿಗಳ ನಡುವೆ ಕಚ್ಚಿಕೊಂಡೇ ಮಾತನಾಡುತ್ತಿದ್ದ, ಆದರೂ ಒಂದಕ್ಷರ ತೊದಲುತ್ತಿರಲಿಲ್ಲ. ಹೆಸರು, ವಯಸ್ಸು, ತಂದೆಯ ಹೆಸರು, ಮೈಮೇಲಿನ ಮಚ್ಚೆ, ಒಂದನ್ನೂ ಬಿಡದೆ ಬರೆದುಕೊಂಡ.

ಗಿರಣಿಯವನ ಮನೆಯಲ್ಲಿ ಮಾತ್ರ ತಡೆದು ನಿಂತ. ಎದುರಿಗೆ ಚೌಕಳಿ ಕೋಟಿನ ಅತ್ತೆ, ಈಗ ಗಿರಣಿಯವನ ದೊಡ್ಡಮ್ಮ.

"ಈ ಅಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ?"

ಜೊತೆಗೆ ಬಂದಿದ್ದ ದರ್ಜಿ ಥಟ್ಟನೆ ನಡುವೆ ಬಾಯಿ ಹಾಕಿದ. "ನಮ್ಮೂರ ಅಜ್ಜಿಯರೆಲ್ಲ ಒಂದೇ ಅಚ್ಚು, ಸಾರ್."

"ಕೋಟಿನ ಭುಜ ಇವರ ಅಳತೆಯದಲ್ಲ." ಅವನು ಒಂದು ಕ್ಷಣ ಅತ್ತೆಯನ್ನೇ ನೋಡಿದ. "ಇರಲಿ ಬಿಡಿ. ಜನ ಎಷ್ಟಿದ್ದರೆ ಅಷ್ಟು ಒಳ್ಳೇದು. ಬರ್ಕೊಳ್ಳೋಣ."

ಕೊನೆಗೆ ಊರಿನ ಉದ್ದಗಲವೂ ಬೇಕೆಂದು ಜೇಬಿನಿಂದ ಹಳದಿ ಟೇಪು ತೆಗೆದು, ಇದ್ದೊಂದು ಬೀದಿಯನ್ನು ಮಂಡಿಯೂರಿ ಅಳೆಯತೊಡಗಿದ. ದರ್ಜಿಯ ಕೊರಳಲ್ಲಿ ನೇತಾಡುವಂಥದೇ ಬಟ್ಟೆಯ ಟೇಪು. ಇಲಾಖೆಗೂ ನಮ್ಮ ಟೇಪೇ ಗತಿಯೇ ಎಂದು ದರ್ಜಿಗೆ ಹೆಮ್ಮೆಯಾಯಿತು, ಇನ್ನೊಂದು ತುದಿಯನ್ನು ತಾನೇ ಹಿಡಿದ. ಮೂರು ಗಂಟೆ ಹಿಡಿಯಿತು. ಅಳತೆ ಮುಗಿಸಿ, ಟೇಪನ್ನು ಕೊರಳಿಗೆ ಹಾಕಿಕೊಂಡು, ಮನುಷ್ಯ ಬಂದ ದಾರಿಯಲ್ಲೇ ಗುಡ್ಡ ಹತ್ತಿದ.

ಐವತ್ತು! ಊರು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಸರ್ಕಾರದ ಕಣ್ಣಿಗೇ ಮಣ್ಣೆರಚಿದೆನಲ್ಲ ಎಂದು ದರ್ಜಿ ಎರಡು ದಿನ ಎದೆ ಸೆಟೆಸಿಕೊಂಡು ಓಡಾಡಿದ.

ಮೂರನೆಯ ದಿನ ಬಸ್ಸಿನಿಂದ ಒಬ್ಬ ಹೆಂಗಸು ಇಳಿದಳು. ಎದೆಯ ಮೇಲೆ ಇಲಾಖೆಯ ಬಿಲ್ಲೆ, ಕೈಯಲ್ಲಿ ದಪ್ಪ ಪುಸ್ತಕ.

"ನಿಮ್ಮವರು ಬಂದು ಬರ್ಕೊಂಡು ಹೋದರಲ್ಲ, ಮೇಡಂ?" ಎಂದ ದರ್ಜಿ.

"ಈ ಕಡೆಗೆಲ್ಲ ನಾನೊಬ್ಬಳೇ. ಹೆಸರು ಹೇಳಿ."

ಹೇಳಿದ. ಅವಳು ಪುಸ್ತಕ ತಿರುವಿದಳು. "ನಿಮ್ಮ ಹೆಸರು ಗುಡ್ಡದಾಚೆಯ ಊರಲ್ಲಿ ಬರೆದಾಗಿದೆ. ಎಡಗೈ ಮೇಲೆ ಮಚ್ಚೆ. ನೀವೇ ತಾನೆ?"

ಬೇಕರಿಯವನ ಹೆಸರೂ ಅಲ್ಲಿತ್ತು. ಅಂಚೆಯವನದೂ, ಗಿರಣಿಯವನದೂ. ನಾಲ್ವರು ಅಜ್ಜಿಯರ ಸಮೇತ ಐವತ್ತೂ ಜನ ಅಲ್ಲಿದ್ದರು.

"ನಾವು ಇಲ್ಲೇ ನಿಂತಿದ್ದೀವಲ್ಲ!" ದರ್ಜಿ ಅಳುದನಿಯಲ್ಲಿ ಹೇಳಿದ.

"ನಿಂತಿರಿ, ಬೇಡ ಅಂದೆನಾ? ನೀವೆಲ್ಲ ಇಲ್ಲಿಗೆ ನೆಂಟರಾಗಿ ಬಂದಿದ್ದೀರಿ ಅಂತ ಅಲ್ಲೇ ಹೇಳಿದರು. ಒಬ್ಬರನ್ನ ಎರಡು ಕಡೆ ಬರೆಯೋ ಹಾಗಿಲ್ಲ. ಬೇಕಾದರೆ ದೂರು ಕೊಡಿ, ಒಬ್ಬೊಬ್ಬರನ್ನೇ ಎದುರಿಗೆ ನಿಲ್ಲಿಸಿ ವಿಚಾರಿಸ್ತೀವಿ."

ಊರು ಅತ್ತೆಯ ಕಡೆ ನೋಡಿತು. ಅತ್ತೆ ನೆಲ ನೋಡಿದಳು. ದೂರಿನ ಮಾತು ಅಲ್ಲಿಗೇ ಮುಗಿಯಿತು.

ಇಲಾಖೆಯವಳು ಈ ಊರಿನ ಹೆಸರಿನ ಮುಂದೆ ಒಂದು ಸೊನ್ನೆ ಬರೆದಳು.

"ಆ ಪಟ್ಟಿ... ಯಾರು ಕೊಟ್ಟರು, ಮೇಡಂ?"

"ಅಲ್ಲಿಗೆ ಹೊಸದಾಗಿ ಬಂದಿದ್ದಾನಲ್ಲ, ಆ ದರ್ಜಿ."