ಕಾಲ್ಬೆರಳು ಅಲ್ಲಾಡುವ ತನಕ

ಪುಟ್ಟಿಯ ರಕ್ತಪರೀಕ್ಷೆಯ ವರದಿಯನ್ನು ಡಾಕ್ಟರು ಬಿಡಿಸುತ್ತಿದ್ದಂತೆ ಅವಳ ಒಂದು ಕೈಯನ್ನು ಅಮ್ಮ, ಇನ್ನೊಂದನ್ನು ಅಜ್ಜಿ ಗಟ್ಟಿಯಾಗಿ ಹಿಡಿದುಕೊಂಡರು. ಅಪ್ಪನ ಕಾಯಿಲೆ ಮಗಳಿಗೂ ಬಂದಿರುವ ಸಂಭವ ಅರ್ಧಕ್ಕರ್ಧ ಎಂದು ಮೊದಲೇ ಹೇಳಿದ್ದರು.

ಪುಟ್ಟಿಯ ಅಮ್ಮ ಮದುವೆಯಾಗಿ ಸೊಸೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಆ ಮನೆಯ ರೀತಿ ಕಂಡು ನಗುವೋ ನಗು. ಬಾಗಿಲಿಗೆ ಕರೆಗಂಟೆ ಇಲ್ಲ, ಅಲಾರಂ ಇಲ್ಲ, ಮಲಗಿದವರನ್ನು ಕೂಗಿ ಎಬ್ಬಿಸುವಂತಿಲ್ಲ. ಅತ್ತೆ ಮಂಚದ ತುದಿಯಲ್ಲಿ ಕುಳಿತು, ಕಾಲ್ಬೆರಳು ಅಲ್ಲಾಡುವ ತನಕ ಮಗನ ಅಂಗಾಲು ಸವರುತ್ತಿದ್ದರು.

“ಕುಂಭಕರ್ಣನನ್ನೂ ಡೋಲು ಬಡಿದು ಎಬ್ಬಿಸಿದ್ರಂತೆ ಅತ್ತೆ. ನಿಮ್ಮ ಮಗ ಅವನಿಗಿಂತ ದೊಡ್ಡ ಮನುಷ್ಯನಾ?”

“ನಮ್ಮಣ್ಣ ಅಲಾರಂ ಸದ್ದಿಗೆ ಬೆಚ್ಚಿ ಎದ್ದವನು ಹಾಗೇ ಹೋಗಿಬಿಟ್ಟ ಕಣಮ್ಮ. ಅವತ್ತಿಂದ ನಮ್ಮಮ್ಮ ನಮ್ಮನ್ನೆಲ್ಲ ಹೀಗೇ ಎಬ್ಬಿಸಿದ್ದು.”

ಎಲ್ಲ ಮುದ್ದಿನ ನೆಪ ಎಂದುಕೊಂಡೇ ವರ್ಷಗಳನ್ನು ಕಳೆದ ಸೊಸೆ, ಹೋದ ತಿಂಗಳು ತಮಾಷೆಗೆಂದು ಗಂಡನ ಕಿವಿಯ ಬಳಿ ಫೋನಿನ ಅಲಾರಂ ಹೊಡೆಸಿದಳು. ಎದ್ದು ಕುಳಿತವನೇ ಅವನು ಕುಸಿದ. ಆಸ್ಪತ್ರೆ ಹತ್ತಿರವಿದ್ದದ್ದೇ ಪುಣ್ಯ, ಜೀವ ಉಳಿಯಿತು. ಥಟ್ಟನೆ ಸದ್ದಾದರೆ ಹೃದಯ ತಾಳ ತಪ್ಪುತ್ತದೆ, ವಂಶವಾಹಿಯಲ್ಲೇ ಇರುವ ದೋಷ, ತಾಯಿಯಿಂದ ಬಂದಿದೆ ಎಂದರು ಡಾಕ್ಟರು. ಅವನೀಗ ಮಾತ್ರೆ ನುಂಗಿಕೊಂಡು ಆರಾಮಾಗಿದ್ದಾನೆ. ಇವಳು ಮಾತ್ರ ಮಲಗಿದ ಗಂಡನ ಹತ್ತಿರ ಸುಳಿಯಲೂ ಹೆದರುತ್ತಾಳೆ.

“ನನ್ನಿಂದಲೇ ಬಂತಲ್ಲಮ್ಮ ಅವನಿಗೆ,” ಎಂದು ಅತ್ತೆ ಅತ್ತಿದ್ದರು.

“ಕಾಯಿಲೆ ಒಂದೇ ಕೊಟ್ರಾ ಅತ್ತೆ? ಇಷ್ಟು ವರ್ಷ ಕಾಲು ಸವರಿ ಉಳಿಸಿದ್ದು ಯಾರು? ಕೊಲ್ಲೋಕೆ ಹೋಗಿದ್ದು ನಾನು,” ಎಂದು ಸೊಸೆಯೂ ಅತ್ತಿದ್ದಳು.

ಡಾಕ್ಟರು ವರದಿಯಿಂದ ತಲೆಯೆತ್ತಿ ನಕ್ಕರು. “ಪುಟ್ಟಿಗೆ ಬಂದಿಲ್ಲ. ಇವಳ ಕಿವಿ ಹತ್ರ ತಮಟೆ ಬಡಿದ್ರೂ ಏನೂ ಆಗಲ್ಲ.”

ಮರುದಿನ ಬೆಳಿಗ್ಗೆ, ಗಂಡ ಎದ್ದು ಅಂಗಳಕ್ಕೆ ಹೋದದ್ದನ್ನು ನೋಡಿಕೊಂಡು, ಸೊಸೆ ಅಡುಗೆಮನೆಯಿಂದಲೇ ಕೂಗಿದಳು: “ಏಳೇ ಪುಟ್ಟೀ, ಹೊತ್ತಾಯ್ತು!” ಆ ಮನೆಗೆ ಅದು ಹೊಸ ಸದ್ದು. ಹೋಗಿ ನೋಡಿದರೆ ಪುಟ್ಟಿ ಮುಖದ ತುಂಬ ಹೊದ್ದು, ಎರಡೂ ಪಾದಗಳನ್ನು ಹೊದಿಕೆಯಿಂದ ಹೊರಗೆ ಚಾಚಿದ್ದಳು. ಅಮ್ಮ ಕುಳಿತು ಅಂಗಾಲು ಮುಟ್ಟಿದಳು.

“ನಿನಗೆ ಬರಲ್ಲ. ಅಜ್ಜೀನ ಕರಿ,” ಎಂದಿತು ಹೊದಿಕೆ.

ಬಾಗಿಲಲ್ಲಿದ್ದ ಅತ್ತೆ ಬಂದು ಪಕ್ಕದಲ್ಲಿ ಕುಳಿತರು. ಸೊಸೆಯ ಕೈಯ ಮೇಲೆ ತಮ್ಮ ಕೈಯಿಟ್ಟು ಪುಟ್ಟಿಯ ಹಿಮ್ಮಡಿಯಿಂದ ಮೇಲಕ್ಕೆ ನಡೆಸಿದರು.

“ಹೀಗೆ, ಮೆತ್ತಗೆ. ಇವಳ ಮೇಲೆ ಕಲಿತುಕೋ. ನಾಳೆಯಿಂದ ನನ್ನ ಮಗನನ್ನ ನೀನೇ ಎಬ್ಬಿಸು.”

ಪುಟ್ಟಿ ನಗು ತಡೆದುಕೊಂಡು, ಹತ್ತೂ ಬೆರಳುಗಳನ್ನು ಅಲ್ಲಾಡದಂತೆ ಬಿಗಿಹಿಡಿದಿದ್ದಳು.